ಹೆಡ್‌ಲೈಟ್ ಮಂಕಾದರೆ 100 ವ್ಯಾಟ್ ಬಲ್ಬ್ ಹಾಕಿಸಬೇಕೇ?

ಪ್ರಶ್ನೆ: ಹತ್ತು ವರ್ಷ ಹಳೆಯ ಹ್ಯಾಚ್‌ಬ್ಯಾಕ್ ಕಾರು. ರಾತ್ರಿ ಶಿರಾಡಿ ಘಾಟಿಯಲ್ಲಿ ಮಳೆ ಹಿಡಿದರೆ ರಸ್ತೆಯ ಅಂಚೇ ಕಾಣುವುದಿಲ್ಲ. 60/55 ವ್ಯಾಟಿನ (ಹೈ ಬೀಮ್‌ಗೆ 60, ಲೋ ಬೀಮ್‌ಗೆ 55) ಎಚ್4 ಬಲ್ಬ್ ತೆಗೆಸಿ 100/90 ಹಾಕಿಸಿ ಎಂದು ಕೆಲವರು, ಎಲ್‌ಇಡಿ ಹಾಕಿಸಿ ಎಂದು ಕೆಲವರು. ಯಾವುದು ಸರಿ?
– ಓದುಗರು, ಸಕಲೇಶಪುರ

ಉತ್ತರ: ಸದ್ಯಕ್ಕೆ ಎರಡೂ ಬೇಡ. ಈಗಿರುವ ಬಲ್ಬಿಗೆ ಪೂರ್ತಿ ಕರೆಂಟ್ ಸಿಗುತ್ತಿದೆಯೇ ನೋಡಿ. ಎಂಜಿನ್ ಚಾಲೂ ಮಾಡಿ, ಲೋ ಬೀಮ್ ಹಾಕಿ, ಮಲ್ಟಿಮೀಟರಿನಿಂದ ಮೊದಲು ಬ್ಯಾಟರಿಯ ವೋಲ್ಟೇಜ್ ಅಳೆಯಿರಿ. ಆಮೇಲೆ ಬಲ್ಬಿಗೆ ಕಪ್ಲರ್ (ವೈರಿನ ತುದಿಯ ಪ್ಲಗ್) ಸಿಕ್ಕಿಸಿದ್ದಂತೆಯೇ ಅದರ ಹಿಂಬದಿಯಿಂದ ಅಳೆಯಿರಿ. ಬ್ಯಾಟರಿಯಲ್ಲಿ 13.8 ಇದ್ದು ಬಲ್ಬಿನಲ್ಲಿ 12.4 ಬಂದರೆ ವೋಲ್ಟೇಜ್ ಕಡಿಮೆಯಾಗಿದ್ದು ಶೇ 10ರಷ್ಟೇ, ಆದರೆ ಬೆಳಕು ಶೇ 30ರಷ್ಟು ಹೋಗಿರುತ್ತದೆ. ಹ್ಯಾಲೊಜೆನ್‌ನ ಗುಣವೇ ಅದು. ಸಣ್ಣ ವೈರು, ಸವೆದ ಸ್ವಿಚ್, ತುಕ್ಕು ಹಿಡಿದ ಅರ್ಥ್ ಪಾಯಿಂಟ್ (ವೈರು ಕಾರಿನ ಬಾಡಿಗೆ ಸೇರುವ ಜಾಗ) ಇದಕ್ಕೆ ಕಾರಣ.

ಪರಿಹಾರ ರಿಲೇ ಕಿಟ್. ರಿಲೇ ಎಂದರೆ ಸ್ವಿಚ್ಚಿನಿಂದ ಬರುವ ಸಣ್ಣ ಕರೆಂಟಿನಿಂದಲೇ ಚಾಲೂ ಆಗಿ, ಬ್ಯಾಟರಿಯ ಕರೆಂಟನ್ನು ನೇರವಾಗಿ ಬಲ್ಬಿಗೆ ಕೊಡುವ ಸಾಧನ. ಲೋಗೆ ಒಂದು, ಹೈಗೆ ಒಂದು, 12 ವೋಲ್ಟ್ 30 ಆಂಪಿಯರ್ ರಿಲೇ. ರಿಲೇಯ 30ನೇ ಪಿನ್ನಿಗೆ ಬ್ಯಾಟರಿಯಿಂದ 2.5 ಚದರ ಮಿ.ಮೀ. ವೈರು, ಬ್ಯಾಟರಿಯ ಹತ್ತಿರದಲ್ಲೇ ಫ್ಯೂಸ್; 87ರಿಂದ ಬಲ್ಬಿಗೆ; 85, 86ಕ್ಕೆ ಹಳೆಯ ಕಪ್ಲರಿನ ವೈರು. ಅರ್ಥ್ ಕೊಡುವ ಜಾಗದಲ್ಲಿ ಬಣ್ಣ ಕೆರೆದು ಬರಿಯ ಲೋಹಕ್ಕೆ ಬೋಲ್ಟ್ ಬಿಗಿಯಿರಿ. ಕೆಲವು ಕಾರುಗಳಲ್ಲಿ ಸ್ವಿಚ್ ಇರುವುದು ಅರ್ಥ್ ಕಡೆಗೆ. ಸಾಮಾನ್ಯ ಕಿಟ್ ಅದಕ್ಕೆ ಹೊಂದುವುದಿಲ್ಲ. ಟೆಸ್ಟ್ ಲ್ಯಾಂಪ್‌ನಿಂದ ನೋಡಿಕೊಂಡೇ ಕಿಟ್ ಕೊಳ್ಳಿ.

100 ವ್ಯಾಟ್ ಬಲ್ಬ್ ಒಂದೊಂದೂ ಎಂಟು ಆಂಪಿಯರಿಗೂ ಹೆಚ್ಚು ಎಳೆಯುತ್ತದೆ, ಹಳೆಯದು ಎಳೆಯುವುದು ಐದು. ರಿಲೇ ಹಾಕಿದರೆ ವೈರು ಉಳಿದೀತು. ಹೋಲ್ಡರ್ ಕರಗುವುದು, ರಿಫ್ಲೆಕ್ಟರಿನ ಹೊಳಪು ಸುಟ್ಟು ಕಪ್ಪಾಗುವುದು ತಪ್ಪುವುದಿಲ್ಲ.

ಎಲ್‌ಇಡಿಯ ತೊಂದರೆ ಬೇರೆ. ಎಚ್4 ರಿಫ್ಲೆಕ್ಟರನ್ನು ಫಿಲಮೆಂಟ್ ಇರುವ ಜಾಗಕ್ಕೆ, ಅದರ ಕೆಳಗಿನ ಪುಟ್ಟ ಲೋಹದ ಬಟ್ಟಲಿಗೆ ಲೆಕ್ಕ ಹಾಕಿ ಮಾಡಿರುತ್ತಾರೆ. ಎಲ್‌ಇಡಿ ಚಿಪ್ ಕೂದಲೆಳೆಯಷ್ಟು ಆಚೀಚೆ ಕೂತರೂ ಬೆಳಕು ಚದುರಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಘಾಟಿಯ ತಿರುವಿನಲ್ಲಿ ಎದುರಿನ ಲಾರಿ ಚಾಲಕನ ಕಣ್ಣು ಕತ್ತಲಾದರೆ ಅಪಾಯ ನಿಮಗೂ ಅಷ್ಟೇ. ನೀಲಿ ಬಣ್ಣದ ಹ್ಯಾಲೊಜೆನ್ ಸಹ ಬೇಡ, ಆ ಲೇಪ ಬೆಳಕನ್ನೇ ತಿನ್ನುತ್ತದೆ. ರಿಲೇ ಆದಮೇಲೂ ಸಾಲದಿದ್ದರೆ ಅದೇ 60/55ರಲ್ಲಿ ಹೆಚ್ಚು ಬೆಳಕಿನ ಬಲ್ಬ್ ಬರುತ್ತದೆ, ಜೋಡಿಯಾಗಿ ಹಾಕಿ. ಅದರ ಆಯಸ್ಸು ಕಡಿಮೆ, ಅದಕ್ಕೆ ಒಪ್ಪಿಯೇ ಕೊಳ್ಳಬೇಕು.

ಲೆನ್ಸ್ ಹಳದಿಯಾಗಿದ್ದರೆ 800, 1500, 2000 ನಂಬರಿನ ವಾಟರ್ ಪೇಪರಿನಿಂದ ನೀರು ಹಾಕುತ್ತಾ ಉಜ್ಜಿ, ಪಾಲಿಶ್ ಮಾಡಿ, ಯುವಿ ತಡೆಯುವ ಕ್ಲಿಯರ್ ಕೋಟ್ ಕೊಡಿಸಿ. ಕೋಟ್ ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ.

ಕೊನೆಗೆ ಬೀಮ್ ಹೊಂದಿಸಿ. ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ 10 ಮೀಟರ್ ದೂರ ಕಾರು ನಿಲ್ಲಿಸಿ, ಟೈರ್ ಗಾಳಿ ಸರಿಯಿರಲಿ, ಚಾಲಕ ಕೂತಿರಲಿ, ಲೆವೆಲಿಂಗ್ ನಾಬ್ (ಬೆಳಕಿನ ಎತ್ತರ ಬದಲಿಸುವ ಗುಂಡಿ) ಸೊನ್ನೆಯಲ್ಲಿರಲಿ. ಬಲ್ಬಿನ ಎತ್ತರವನ್ನು ಗೋಡೆಗೆ ಗುರುತು ಹಾಕಿ. ಲೋ ಬೀಮಿನ ಮೇಲಂಚು ಅದಕ್ಕಿಂತ ಸುಮಾರು 10 ಸೆಂ.ಮೀ. ಕೆಳಗೆ ಬೀಳಬೇಕು, ಎಡಕ್ಕೆ ಮಾತ್ರ ಏರಬೇಕು.

ಪ್ರಶ್ನೆ: ಬಲಗಡೆಯ ಬಲ್ಬ್ ಮಾತ್ರ ಪದೇ ಪದೇ ಹೋಗುತ್ತಿದೆ. ಏನು ಕಾರಣ?
– ಓದುಗರು, ಹಾವೇರಿ

ಉತ್ತರ: ಎರಡೂ ಹೋಗುತ್ತಿದ್ದರೆ ಆಲ್ಟರ್ನೇಟರ್ ಹೆಚ್ಚು ವೋಲ್ಟೇಜ್ ಕೊಡುತ್ತಿದೆ ಎನ್ನಬಹುದಿತ್ತು. ಒಂದೇ ಕಡೆಯಾದ್ದರಿಂದ ಹಿಂದಿನ ರಬ್ಬರ್ ಬೂಟ್ ಹರಿದು ನೀರು ಸೇರುತ್ತಿದೆಯೇ, ಕಪ್ಲರ್ ಸಡಿಲವಿದೆಯೇ ನೋಡಿ. ಬಲ್ಬ್ ಹಾಕುವಾಗ ಗಾಜಿಗೆ ಬೆರಳು ತಾಗಿದ್ದರೂ ಸಾಕು, ಎಣ್ಣೆಯಂಶ ಉಳಿದ ಜಾಗ ಹೆಚ್ಚು ಕಾದು ಗಾಜು ಬಿರಿಯುತ್ತದೆ. ತಾಗಿದ್ದರೆ ಸ್ಪಿರಿಟ್ ಹಾಕಿದ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಹಾಕಿ.