ಕಥೆ ಮುಗಿದಿಲ್ಲ, ಥೀಸಿಸ್ ಒಪ್ಪಿಸಲೇ?

ಪ್ರಿಯ ಓದುಗರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅಮೆರಿಕದಲ್ಲಿ ಕಥೆ ಬರೆಯುವುದನ್ನೇ ಎಂ.ಎಫ್.ಎ. (ಮಾಸ್ಟರ್ ಆಫ್ ಫೈನ್ ಆರ್ಟ್ಸ್) ಪದವಿಗೆ ಓದುತ್ತಿದ್ದೀರಿ, ಎರಡು ವರ್ಷ ಮುಗಿಯುತ್ತಾ ಬಂತು, ಥೀಸಿಸ್‌ಗೆ ಏಳು ಕಥೆ ಇವೆ, ಆದರೆ ಒಂದೂ ‘ಪುಸ್ತಕವಾಗುವ ಹಾಗಿಲ್ಲ’ ಅನಿಸುತ್ತಿದೆ, ಇನ್ನೊಂದು ಸೆಮಿಸ್ಟರ್ ಮುಂದೆ ಹಾಕಲೇ ಎಂದು ಕೇಳಿದ್ದೀರಿ. ಬೇಡ. ಒಪ್ಪಿಸಿಬಿಡಿ.

ಅಮೆರಿಕದ ಕಥೆಗಾರ್ತಿ ಫ್ಲ್ಯಾನರಿ ಓಕಾನರ್ ಕೂಡ ಇದೇ ಪದವಿಗೆ 1947ರಲ್ಲಿ ಅಯೋವಾ ವಿಶ್ವವಿದ್ಯಾಲಯಕ್ಕೆ ಆರು ಕಥೆ ಒಪ್ಪಿಸಿದರು. ಅದರಲ್ಲಿ ಒಂದು ‘ದಿ ಟ್ರೇನ್’. ಅದನ್ನು ತಿದ್ದಿ ತಿದ್ದಿ 1952ರಲ್ಲಿ ಬಂದ ಮೊದಲ ಕಾದಂಬರಿಯ ಮೊದಲ ಅಧ್ಯಾಯ ಮಾಡಿಕೊಂಡರು. 1955ರ ಮೊದಲ ಕಥಾಸಂಕಲನದಲ್ಲಿ ಥೀಸಿಸ್‌ನ ಒಂದು ಕಥೆಯೂ ಇಲ್ಲ! ಇನ್ನು ಅದೇ ಥೀಸಿಸ್‌ನ ‘ದಿ ಜೆರೇನಿಯಂ’ ಇದೆಯಲ್ಲ, ಅಮೆರಿಕದ ದಕ್ಷಿಣದ ಊರು ಬಿಟ್ಟು ನ್ಯೂಯಾರ್ಕಿನ ಮಗಳ ಮನೆ ಸೇರಿದ ಮುದುಕ ಎದುರಿನ ಕಿಟಕಿಯ ಹೂಕುಂಡ ನೋಡುತ್ತಾ ಕೂರುವ ಕಥೆ, ಅದು ಅವರನ್ನು ಕೊನೆತನಕ ಬಿಡಲಿಲ್ಲ. 1964ರಲ್ಲಿ, ಕಾಯಿಲೆ ಜಾಸ್ತಿಯಾಗಿದ್ದಾಗ, ಅದನ್ನೇ ‘ಜಡ್ಜ್‌ಮೆಂಟ್ ಡೇ’ ಎಂದು ಹೊಸದಾಗಿ ಬರೆದರು. ಈ ಸಲ ಮುದುಕ ಸುಮ್ನೆ ಕೂರುವುದಿಲ್ಲ, ಊರಿಗೆ ಹೊರಟೇಬಿಡುತ್ತಾನೆ. ಅದೇ ಆಗಸ್ಟಿನಲ್ಲಿ ಅವರು ತೀರಿಕೊಂಡರು, ಆಗಿನ್ನೂ 39 ವರ್ಷ. ಆ ಕಥೆ ಸರಿಹೋಗಲು 17 ವರ್ಷ ಹಿಡಿಯಿತು. ಅಷ್ಟು ದಿನ ಪದವಿ ಕಾಯಬೇಕಿತ್ತೇ?

ನಿಮ್ಮ ಅಧ್ಯಾಪಕರು ನೋಡುವುದು ಈ ಎರಡು ವರ್ಷದಲ್ಲಿ ನೀವು ಎಲ್ಲಿಗೆ ಬಂದಿರಿ ಎಂಬುದನ್ನು. ಪ್ರಕಾಶಕರ ಕಣ್ಣಿನಿಂದ ಅವರು ಓದುವುದಿಲ್ಲ, ಅಲ್ವಾ?

ಈಗ ಹೊಸ ಕಥೆ ಶುರುಮಾಡಬೇಡಿ. ತೀರಾ ಸೊರಗಿದ ಎರಡು ಕಥೆ ಅಂದಿರಲ್ಲ, ಪುಟ ಕಡಿಮೆ ಬೀಳದಿದ್ದರೆ ಅವನ್ನು ಬಿಡಬಹುದೇ ಎಂದು ಗೈಡ್ ಹತ್ತಿರ ಕೇಳಿ. ಮಾರ್ಜಿನ್, ಪುಟಸಂಖ್ಯೆ, ಸಹಿ ಇವನ್ನೆಲ್ಲ ಒಂದು ವಾರ ಮೊದಲೇ ಮುಗಿಸಿ, ಒಳ್ಳೆಯ ಕಥೆಗಳೂ ಆಫೀಸಿನಿಂದ ವಾಪಸ್ ಬರುವುದು ಇಂಥದ್ದಕ್ಕೇ. ಇನ್ನೊಂದು ಮಾತು, ಇದನ್ನು ಮರೆಯಲೇಬೇಡಿ: ಥೀಸಿಸ್ ಲೈಬ್ರರಿಯ ವೆಬ್‌ಸೈಟಿಗೆ ಹೋದರೆ ಯಾರು ಬೇಕಾದರೂ ಓದಬಹುದು, ಆಮೇಲೆ ಆ ಕಥೆಯನ್ನು ಪತ್ರಿಕೆಗೆ ಕಳಿಸಿದಾಗ ‘ಆಗಲೇ ಪ್ರಕಟವಾಗಿದೆ’ ಎಂಬ ತಕರಾರು ಬರಬಹುದು. ಕೆಲವು ವರ್ಷ ತಡೆಹಿಡಿಯಲು ಆಗುತ್ತದೆಯೇ ಎಂದು ಒಪ್ಪಿಸುವ ಮೊದಲೇ ವಿಚಾರಿಸಿ, ಎಂಬಾರ್ಗೋ ಎಂದರೆ ಅವರಿಗೆ ಗೊತ್ತಾಗುತ್ತದೆ.

ಶಿರಸಿಯ ಅಜ್ಜಿಯ ಕಥೆ ಅಡಿಕೆ ಅಂಗಳದಲ್ಲೇ ನಿಂತುಹೋಗಿದೆ, ಮುಂದೆ ತೋಚುತ್ತಿಲ್ಲ ಎಂದು ಬರೆದಿದ್ದೀರಿ. ಸದ್ಯಕ್ಕೆ ಅಲ್ಲೇ ನಿಲ್ಲಲಿ, ಹಾಗೇ ಕೊಡಿ. ಮುಂದೆ ಎಂದಾದರೂ ಅದನ್ನು ಕನ್ನಡದಲ್ಲಿ ಬರೆದರೆ ನಮಗೆ ಕಳಿಸಿ. ಅವಸರವೇನಿಲ್ಲ.

– ಸಂಪಾದಕ