ಮಾತ್ರೆ ನುಂಗುವ ಮುನ್ನ: ಸಂಪಾದಕರ ಉತ್ತರ

ದಾವಣಗೆರೆಯ ಓದುಗರೊಬ್ಬರು ಬರೆಯುತ್ತಾರೆ: "ಪಿ.ಬಿ. ರಸ್ತೆಯಲ್ಲಿ ನನ್ನ ಅಂಗಡಿ. ದಿನವಿಡೀ ಲಾರಿ, ಬಸ್ಸುಗಳ ಹೊಗೆ. ಹೊಗೆಯಿಂದ ಮೈಯಲ್ಲಿನ ಆ್ಯಂಟಿಆಕ್ಸಿಡೆಂಟ್ ಇಳಿಯುತ್ತದೆ, ಈ ಗುಳಿಗೆ ತೆಗೆದುಕೊಳ್ಳಿ ಎಂದು ಔಷಧಿ ಅಂಗಡಿಯವರು ಒಂದು ಡಬ್ಬಿ ಕೊಟ್ಟಿದ್ದಾರೆ. ಬೀಡಿಯ ಅಭ್ಯಾಸವೂ ಇದೆ. ತೆಗೆದುಕೊಳ್ಳಬಹುದೇ?"

ಔಷಧಿ ಅಂಗಡಿಯವರ ಮಾತಿನ ಮೊದಲರ್ಧ ನಿಜ. ಶ್ವಾಸನಾಳದ ಒಳಪದರದ ಮೇಲೆ ತೆಳುವಾದ ದ್ರವವೊಂದು ಸದಾ ಇರುತ್ತದೆ. ವಿಟಮಿನ್ ಸಿ, ಯೂರಿಕ್ ಆಮ್ಲ, ಗ್ಲುಟಾಥಯೋನ್ ಎಂಬ ಆ್ಯಂಟಿಆಕ್ಸಿಡೆಂಟ್‌ಗಳು ಅದರಲ್ಲಿ ಕರಗಿರುತ್ತವೆ. ವಾಹನದ ಹೊಗೆ ಬಿಸಿಲಿಗೆ ಸಿಕ್ಕಿ ಹುಟ್ಟುವ ಓಝೋನ್ ಅನಿಲ ಉಸಿರಿನೊಂದಿಗೆ ಒಳಹೊಕ್ಕಾಗ, ಅಥವಾ ಮಸಿ ಕಣಗಳೊಡನೆ ಬಂದ ಕಬ್ಬಿಣ, ತಾಮ್ರಗಳು ಅಲ್ಲಿ ಕ್ರಿಯೆಗಿಳಿದಾಗ, ಜೀವಕೋಶಕ್ಕೆ ಬೀಳಬೇಕಾದ ಪೆಟ್ಟನ್ನು ತಾವು ತಿಂದು ಇವು ಖರ್ಚಾಗುತ್ತವೆ. ಮೆಕ್ಸಿಕೋ ನಗರದ ಆಸ್ತಮಾ ಪೀಡಿತ ಮಕ್ಕಳಿಗೆ ವಿಟಮಿನ್ ಸಿ ಮತ್ತು ಇ ಕೊಟ್ಟು ನಡೆಸಿದ, 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಓಝೋನಿನ ಕಾಟ ಅವರ ಶ್ವಾಸಕೋಶಕ್ಕೆ ಅಷ್ಟಾಗಿ ತಟ್ಟಲಿಲ್ಲ. ಮಾತ್ರೆಯ ಪರವಾಗಿ ಇಷ್ಟು ಹೇಳಿದರೆ ಸಾಕು.

ತಾವು ಪತ್ರದ ಕೊನೆಗೆ ಸಂಕೋಚದಿಂದ ಸೇರಿಸಿದ ಬೀಡಿಯ ಮಾತೇ ನನಗೆ ಮುಖ್ಯವಾಗಿ ಕಂಡಿತು. ಫಿನ್ಲೆಂಡಿನ 29,000ಕ್ಕೂ ಹೆಚ್ಚು ಧೂಮಪಾನಿ ಗಂಡಸರ ಮೇಲೆ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಹೊರಬಂದಾಗ, ರಕ್ಷಣೆಗೆಂದು ಬೀಟಾ ಕ್ಯಾರೊಟಿನ್ (ಗಜ್ಜರಿಗೆ ಬಣ್ಣ ಕೊಡುವ ಆ್ಯಂಟಿಆಕ್ಸಿಡೆಂಟ್) ಮಾತ್ರೆ ಸೇವಿಸಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚೇ ಇತ್ತು. ಅಮೆರಿಕದ ಇಂಥದೇ ಇನ್ನೊಂದು ಪ್ರಯೋಗವನ್ನು ಇದೇ ಕಾರಣಕ್ಕೆ 1996ರಲ್ಲಿ ಅವಧಿಗೆ ಮುನ್ನವೇ ನಿಲ್ಲಿಸಿದರು. ಡಬ್ಬಿಯ ಹಿಂಬದಿಯ ಸಣ್ಣಕ್ಷರ ಓದಿ. ಬೀಟಾ ಕ್ಯಾರೊಟಿನ್ ಹೆಸರು ಕಂಡರೆ ಮುಲಾಜಿಲ್ಲದೆ ಹಿಂತಿರುಗಿಸಿ. ಗಂಡಸಿಗೆ ದಿನಕ್ಕೆ ಬೇಕಾದ ವಿಟಮಿನ್ ಸಿ 80 ಮಿಲಿಗ್ರಾಂ. ಒಂದು ಒಳ್ಳೆಯ ಸೀಬೆಹಣ್ಣಿನಲ್ಲಿ ಅದಕ್ಕಿಂತ ಹೆಚ್ಚೇ ಇರುತ್ತದೆ. ಅದನ್ನು ತಿನ್ನಿ, ಬೀಡಿ ಬಿಡಿ. (ಬೈಯುತ್ತಿದ್ದೇನೆ ಎಂದುಕೊಂಡರೂ ಸರಿಯೇ.)

ನನ್ನ ನಿಜವಾದ ತಕರಾರು ಬೇರೆ. ನಮ್ಮ ಕಚೇರಿಯ ಬಳಿಯ ಸರ್ಕಲ್ಲಿನಲ್ಲಿ ನಿಲ್ಲುವ ಸಂಚಾರ ಪೊಲೀಸರೊಬ್ಬರು ಸಂಜೆ ಮೂಗು ಒರೆಸಿಕೊಂಡರೆ ಕರವಸ್ತ್ರ ಕಪ್ಪಾಗುತ್ತದೆ. ಅವರ ಅಂಗಿಯ ಜೇಬಿನಲ್ಲೂ ಕಿತ್ತಳೆ ಬಣ್ಣದ ಚೀಪುವ ಮಾತ್ರೆಯ ಪಟ್ಟಿ. ಗಾಳಿ ಕೆಡಿಸುವವರು ಯಾರೋ, ಮಾತ್ರೆಗೆ ದುಡ್ಡು ತೆರುವವರು ಇವರು. ನಲ್ಲಿ ನೀರು ಕೆಟ್ಟಿತೆಂದು ಕ್ಯಾನ್ ನೀರಿಗೆ ಹೊರಳಿದ ದಿನವೇ ನಾವು ಒಳ್ಳೆಯ ನಲ್ಲಿ ನೀರು ಕೊಡಿ ಎಂದು ಕೇಳುವುದನ್ನು ಬಿಟ್ಟೆವು. ಗಾಳಿಯ ವಿಷಯದಲ್ಲೂ ಅದೇ ಆಗುತ್ತಿದೆ. ಶ್ವಾಸಕೋಶದ ಆಳಕ್ಕೆ ಇಳಿಯುವಷ್ಟು ಸಣ್ಣ ಧೂಳಿನ, ಅಂದರೆ ಪಿಎಂ 2.5 ಕಣಗಳ ವಾರ್ಷಿಕ ಸರಾಸರಿ ಘನ ಮೀಟರಿಗೆ 5 ಮೈಕ್ರೊಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. 2009ರ ನಮ್ಮ ರಾಷ್ಟ್ರೀಯ ಮಾನದಂಡ 40ರವರೆಗೂ ಒಪ್ಪುತ್ತದೆ. ಗಾಳಿ ಸುಧಾರಿಸಬೇಕಾದ ಊರುಗಳೆಂದು ಕೇಂದ್ರ ಸರ್ಕಾರದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಗುರುತಿಸಿದ ಪಟ್ಟಿಯಲ್ಲಿ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿಗಳ ಜೊತೆಗೆ ತಮ್ಮ ದಾವಣಗೆರೆಯೂ ಇದೆ.

ಆ ಕಾರ್ಯಕ್ರಮದ ಹಣದಲ್ಲಿ ತಮ್ಮ ರಸ್ತೆಗೆ ಏನಾಯಿತೆಂದು ಪಾಲಿಕೆಗೆ ಒಂದು ಮಾಹಿತಿ ಹಕ್ಕು ಅರ್ಜಿ ಹಾಕಿ. ಉತ್ತರ ಬಂದರೆ ನಕಲನ್ನು ನಮಗೂ ಕಳಿಸಿ. ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.