ಯಾವುದಕ್ಕೆ ಹೋಲಿಸಿ ಹೇಳಿದಿರಿ?

ನಮಸ್ಕಾರ.

‘ಮೆದುಳಿನ ಗಡ್ಡೆ: ವಂಶವಾಹಿ ಹೇಳುವ ಭವಿಷ್ಯ’ ಎಂಬ ನಿಮ್ಮ ಲೇಖನ ಓದಿದೆ. ‘ಪ್ರಕಟಿಸಲು ವಿಷಾದಿಸುತ್ತೇವೆ’ ಎಂದು ಎರಡು ಸಾಲು ಬರೆದು ಮುಗಿಸಬಹುದಿತ್ತು. ಆದರೆ ಓದುತ್ತಾ ಒಂದು ಕಡೆ ಮನಸ್ಸು ಕಲಕಿತು, ಇನ್ನೊಂದು ಕಡೆ ಸಿಟ್ಟು ಬಂತು. ಎರಡೂ ಒಟ್ಟಿಗೆ ಆಗುವ ಲೇಖನ ನಮಗೆ ಬರುವುದು ಕಡಿಮೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ಮೆಚ್ಚುಗೆ. ನಿಮ್ಮ ಕನ್ನಡ ತಿಳಿಯಾಗಿದೆ. ಸೋದರಮಾವನನ್ನು ರೇಡಿಯೇಶನ್‌ಗೆ ಕರೆದೊಯ್ಯುತ್ತಿದ್ದ ದಿನಗಳ ಪ್ಯಾರಾ ಬಹಳ ಚೆನ್ನಾಗಿದೆ. ಬಿಸಿನೀರಿನಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಜಾಲರಿಯನ್ನು ಮುಖದ ಮೇಲೆ ಎಳೆದು ಅಚ್ಚು ತೆಗೆದದ್ದು, ದಿನವೂ ಅದನ್ನು ತೊಡಿಸಿ ತಲೆ ಅಲುಗದಂತೆ ಮೇಜಿಗೆ ಬಿಗಿದದ್ದು, ಹೊರಗೆ ಬಂದಾಗ ಹಣೆಯ ಮೇಲೆ ಜಾಲರಿಯ ಗೆರೆ ಹಾಗೇ ಮೂಡಿರುತ್ತಿದ್ದದ್ದು. ಅಲ್ಲಿ ಒಂದಕ್ಷರವನ್ನೂ ನಾನು ಮುಟ್ಟುವುದಿಲ್ಲ.

ಇನ್ನು ಸಿಟ್ಟಿನ ವಿಷಯ. ಎರಡನೇ ಪುಟದ ವಾಕ್ಯ ಇದು: ‘ಎಂಜಿಎಂಟಿ ಜೀನಿನಲ್ಲಿ ಮ್ಯುಟೇಶನ್ ಇರುವವರಿಗೆ ರೇಡಿಯೇಶನ್ ಚೆನ್ನಾಗಿ ಹಿಡಿಯುತ್ತದೆ, ಅವರು 21.7 ತಿಂಗಳು ಬದುಕುತ್ತಾರೆ.’

ಅಲ್ಲಿ ಆಗಿರುವುದು ಮ್ಯುಟೇಶನ್ ಅಲ್ಲ. ಜೀನಿನ ಅಕ್ಷರಗಳೆಲ್ಲ ಇದ್ದ ಹಾಗೇ ಇರುತ್ತವೆ. ಅದನ್ನು ಚಾಲೂ ಮಾಡುವ ಪ್ರೊಮೋಟರ್ ಎಂಬ ಭಾಗದ ಮೇಲೆ ಮೀಥೈಲ್ ಗುಂಪುಗಳೆಂಬ ಸಣ್ಣ ರಾಸಾಯನಿಕ ತುಣುಕುಗಳು ಬಂದು ಕೂತು ಜೀನ್ ಸುಮ್ಮನಾಗುತ್ತದೆ. ಇದು ಪಠ್ಯಪುಸ್ತಕ ನೋಡಿ ತಿದ್ದಿಕೊಳ್ಳುವಂಥ ತಪ್ಪು, ಅದಕ್ಕೆ ನನಗೆ ಸಿಟ್ಟಿಲ್ಲ. ಸಿಟ್ಟು ಬಂದದ್ದು ‘ರೇಡಿಯೇಶನ್ ಚೆನ್ನಾಗಿ ಹಿಡಿಯುತ್ತದೆ’ ಎಂಬಲ್ಲಿ. ಆ 21.7 ಎಲ್ಲಿಂದ ಬಂತೆಂದು ನೀವು ಹೇಳಿಲ್ಲ, ನಾನೇ ಹೇಳುತ್ತೇನೆ. ಯುರೋಪ್ ಮತ್ತು ಕೆನಡಾದ ಕ್ಯಾನ್ಸರ್ ಸಂಸ್ಥೆಗಳು ಸೇರಿ ಗ್ಲಿಯೋಬ್ಲಾಸ್ಟೋಮ ಎಂಬ ಉಗ್ರ ಮೆದುಳಿನ ಗಡ್ಡೆಯ 573 ರೋಗಿಗಳ ಮೇಲೆ ಒಂದು ಪ್ರಯೋಗ ನಡೆಸಿದವು. ರೋಜರ್ ಸ್ಟುಪ್ ಮತ್ತು ಸಂಗಡಿಗರು ಅದರ ಫಲಿತಾಂಶ ಪ್ರಕಟಿಸಿದ್ದು 2005ರಲ್ಲಿ. ಅರ್ಧ ಜನರಿಗೆ ಬರೀ ರೇಡಿಯೇಶನ್: ದಿನಕ್ಕೆ 2 ಗ್ರೇ (ರೇಡಿಯೇಶನ್ ಅಳೆಯುವ ಮಾನ), ವಾರಕ್ಕೆ ಐದು ದಿನ, ಆರು ವಾರಕ್ಕೆ ಒಟ್ಟು 60 ಗ್ರೇ. ಉಳಿದರ್ಧ ಜನರಿಗೆ ಅದೇ ರೇಡಿಯೇಶನ್, ಜೊತೆಗೆ ಟೆಮೊಜೊಲೊಮೈಡ್ ಎಂಬ ಮಾತ್ರೆ. ಇವರಲ್ಲಿ 206 ಜನರ ಗಡ್ಡೆಗಳಲ್ಲಿ ಎಂಜಿಎಂಟಿ ಹೇಗಿದೆ ಎಂದು ಮೋನಿಕಾ ಹೆಗಿ ಅವರ ತಂಡ ನೋಡಿತು.

ಅವರಿಗೆ ಸಿಕ್ಕಿದ್ದು ನಾಲ್ಕು ಅಂಕಿ. ಎಂಜಿಎಂಟಿ ಸುಮ್ಮನಾಗಿದ್ದವರ ಪೈಕಿ ಮಾತ್ರೆಯೂ ಸಿಕ್ಕವರ ಮೀಡಿಯನ್, ಅಂದರೆ ಅರ್ಧ ಜನ ದಾಟಿದ ಅವಧಿ, 21.7 ತಿಂಗಳು, ಬರೀ ರೇಡಿಯೇಶನ್ ಪಡೆದವರದ್ದು 15.3. ಜೀನ್ ಕೆಲಸ ಮಾಡುತ್ತಿದ್ದವರಲ್ಲಿ ಅದೇ ಲೆಕ್ಕ 12.7 ಮತ್ತು 11.8. ನೀವು ಮೊದಲನೆಯದನ್ನು ಎತ್ತಿಕೊಂಡು ಮಿಕ್ಕ ಮೂರನ್ನು ಬಿಟ್ಟುಬಿಟ್ಟಿರಿ. ಪಕ್ಕಪಕ್ಕ ಇಟ್ಟು ನೋಡಿ: ಜೀನ್ ಸುಮ್ಮನಾಗಿದ್ದವರಿಗೆ ಮಾತ್ರೆಯಿಂದ ಆರು ತಿಂಗಳಿಗೂ ಹೆಚ್ಚು ಲಾಭ, ಉಳಿದವರಿಗೆ ಒಂದು ತಿಂಗಳೂ ಇಲ್ಲ. ಅಂದರೆ ಇಲ್ಲಿ ಜೀನ್ ಮುಖ್ಯವಾಗಿ ಹೇಳುತ್ತಿರುವುದು ಮಾತ್ರೆಯ ಸಂಗತಿ. ಅದಕ್ಕೆ ಕಾರಣವೂ ಇದೆ. ಟೆಮೊಜೊಲೊಮೈಡ್ ಡಿಎನ್‌ಎಯ ಅಕ್ಷರಗಳಲ್ಲೊಂದಾದ ಗ್ವಾನೈನ್ ಮೇಲೆ ಒಂದು ಮೀಥೈಲ್ ಗುಂಪು ಅಂಟಿಸಿ ಕೋಶವನ್ನು ಕೆಡಿಸುತ್ತದೆ. ಎಂಜಿಎಂಟಿ ಪ್ರೋಟೀನ್ ಅದನ್ನು ಕಿತ್ತು ತನ್ನ ಮೈಗೇ ಅಂಟಿಸಿಕೊಂಡು, ಕುಟುಕಿದ ಜೇನುಹುಳದಂತೆ ಅಲ್ಲಿಗೇ ಮುಗಿಯುತ್ತದೆ. ಆ ಪ್ರೋಟೀನೇ ತಯಾರಾಗದ ಗಡ್ಡೆಗೆ ಮಾತ್ರೆಯ ಪೆಟ್ಟು ಪೂರಾ ಬೀಳುತ್ತದೆ. ರೇಡಿಯೇಶನ್ನಿನ ಪೆಟ್ಟು ಬೇರೆ ಥರದ್ದು. ಅದು ಡಿಎನ್‌ಎಯ ಎರಡೂ ಎಳೆಗಳನ್ನು ತುಂಡು ಮಾಡುತ್ತದೆ. ಆ ತುಂಡುಗಳನ್ನು ಜೋಡಿಸುವುದು ಎಂಜಿಎಂಟಿಯ ಕೆಲಸವೇ ಅಲ್ಲ.

ಹಾಗಿದ್ದರೆ ಬರೀ ರೇಡಿಯೇಶನ್ ಪಡೆದವರಲ್ಲೂ 15.3ಕ್ಕೂ 11.8ಕ್ಕೂ ಅಂತರ ಏಕೆ ಬಂತು? ಈ ಪ್ರಶ್ನೆ ನೀವು ಕೇಳಬೇಕಿತ್ತು. ಗಡ್ಡೆ ಮತ್ತೆ ಬೆಳೆದಾಗ ಆ ಗುಂಪಿನ ಅನೇಕರಿಗೂ ಅದೇ ಮಾತ್ರೆ ಕೊಡಲಾಗಿತ್ತು ಎಂಬುದು ಒಂದು ಉತ್ತರ. ಬೇರೆ ಉತ್ತರಗಳೂ ಇರಬಹುದು. ನಿಮ್ಮ ಲೇಖನ ಶುರುವಾಗಬೇಕಿದ್ದದ್ದೇ ಅಲ್ಲಿಂದ.

ನಾನು ಕೆಲಸ ಕಲಿತದ್ದು ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ, ಒಂದು ವಾರಪತ್ರಿಕೆಯಲ್ಲಿ. ಆರೋಗ್ಯದ ಲೇಖನ ಬಂತೆಂದರೆ ನಮ್ಮ ಹಿರಿಯ ಉಪಸಂಪಾದಕರು ನನ್ನನ್ನು ಹಿಂದಿನ ಕೋಣೆಗೆ ಅಟ್ಟುತ್ತಿದ್ದರು, ಕಾಂಪೋಸಿಟರ್ ಎದುರು ನಿಂತು ಗಟ್ಟಿಯಾಗಿ ಓದಲು. ಮೊಳೆ ಜೋಡಿಸುವ ಆ ಕಾಂಪೋಸಿಟರ್ ಹೈಸ್ಕೂಲು ಮೆಟ್ಟಿಲು ಹತ್ತಿದವರಲ್ಲ. ಎಡಗೈಯಲ್ಲಿ ಸಾಲು ಜೋಡಿಸುವ ಸ್ಟಿಕ್, ಬಲಗೈ ಮಾತ್ರ ಮೊಳೆ ಇಡುವ ಕೇಸಿನ ಮನೆಗಳ ಮೇಲೆ ನೋಡದೆಯೇ ಓಡಾಡುತ್ತಿತ್ತು. ಮಾತು ಗಂಟಲಿಗಿಳಿಯದ ಕಡೆ ಆ ಕೈ ನಿಂತುಬಿಡುತ್ತಿತ್ತು. ಒಮ್ಮೆ ಯಾವುದೋ ಟಾನಿಕ್ ಬಗ್ಗೆ ‘ಇದನ್ನು ಕುಡಿದ ಮಕ್ಕಳು ವರ್ಷದಲ್ಲಿ ಎರಡು ಇಂಚು ಬೆಳೆದರು’ ಎಂದು ಓದಿದೆ. ಕೈ ನಿಂತಿತು. ‘ಕುಡೀದೇ ಇದ್ದ ಮಕ್ಳು ಎಷ್ಟು ಬೆಳೆದ್ವು ಸ್ವಾಮಿ?’ ಅಂದರು. ಲೇಖನದಲ್ಲಿ ಅದಿರಲಿಲ್ಲ. ಹೋಗಿ ಹಿರಿಯರಿಗೆ ಹೇಳಿದೆ. ಅವರು ಮಾತಾಡದೆ ಲೇಖನ ಮಡಿಚಿ, ಬರೆದವರ ವಿಳಾಸಕ್ಕೇ ಅಂಚೆಗೆ ಹಾಕಿಸಿದರು.

ನಿಮ್ಮ ಮುಂದಿನ ವಾಕ್ಯಕ್ಕೂ ನನ್ನದು ಅದೇ ಪ್ರಶ್ನೆ. ‘ಐಡಿಎಚ್ ಮ್ಯುಟೇಶನ್ ಇರುವ ಗಡ್ಡೆ ರೇಡಿಯೇಶನ್‌ಗೆ ಬೇಗ ಬಗ್ಗುತ್ತದೆ, ಆದ್ದರಿಂದ ರೋಗಿ ಹೆಚ್ಚು ಕಾಲ ಬದುಕುತ್ತಾನೆ.’ ಬದುಕುತ್ತಾನೆ, ಸರಿ. ಬಗ್ಗಿದ್ದರಿಂದಲೇ ಬದುಕಿದ ಎಂದು ಯಾರು ಹೇಳಿದರು? 2008ರಲ್ಲಿ ಐಡಿಎಚ್ ಎಂಬ ಜೀನಿನ ಈ ಮ್ಯುಟೇಶನ್ ಪತ್ತೆಯಾದಾಗಲೇ ಕಂಡದ್ದು ಏನೆಂದರೆ, ಇಂಥ ಗಡ್ಡೆ ಇರುವವರು ಹೆಚ್ಚಾಗಿ ಚಿಕ್ಕ ವಯಸ್ಸಿನವರು, ಮತ್ತು ಉಳಿದವರಿಗಿಂತ ಹೆಚ್ಚು ಕಾಲ ಬದುಕುವವರು. ಗಡ್ಡೆಯ ಜಾತಿಯೇ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರ್ಗೀಕರಣವಂತೂ ಇದನ್ನು ಗ್ಲಿಯೋಬ್ಲಾಸ್ಟೋಮ ಎಂದು ಕರೆಯುವುದನ್ನೇ ನಿಲ್ಲಿಸಿತು. ಸಾವಧಾನವಾಗಿ ಬೆಳೆಯುವ ಗಡ್ಡೆಯವನು ನಾಲ್ಕು ದಿನ ಹೆಚ್ಚು ಬದುಕಿದರೆ ಅದರ ಕೀರ್ತಿಯನ್ನೆಲ್ಲ ರೇಡಿಯೇಶನ್ ಮೆಷಿನ್ನಿಗೆ ಕಟ್ಟಲಾಗದು. ಲ್ಯಾಬಿನಲ್ಲಿ ಪುರಾವೆ ಇದೆ, ಒಪ್ಪುತ್ತೇನೆ: ಬದಲಾದ ಐಡಿಎಚ್ ಕಿಣ್ವ 2-ಹೈಡ್ರಾಕ್ಸಿಗ್ಲುಟರೇಟ್ ಎಂಬ ವಸ್ತುವನ್ನು ಕೋಶದೊಳಗೆ ರಾಶಿ ಹಾಕುತ್ತದೆ, ಅದು ತುಂಡಾದ ಡಿಎನ್‌ಎಯನ್ನು ಜೋಡಿಸುವ ಒಂದು ವಿಧಾನಕ್ಕೆ ಅಡ್ಡಗಾಲು ಹಾಕುತ್ತದೆ. ಅದನ್ನೂ ಬರೆಯಿರಿ. ಲ್ಯಾಬಿನ ತಟ್ಟೆಯಲ್ಲಿ ಕಂಡದ್ದು ಎಂದೇ ಬರೆಯಿರಿ.

ಹೋಲಿಕೆ ಸರಿಯಾಗಿ ಮಾಡಿದರೆ ಏನು ಸಿಗುತ್ತದೆ ಎಂಬುದಕ್ಕೆ ಆರ್‌ಟಿಒಜಿ 9402 ಎಂಬ ಪ್ರಯೋಗ ನೋಡಿ. ಆಲಿಗೊಡೆಂಡ್ರೊಗ್ಲಿಯೋಮ ಬಗೆಯ ಗಡ್ಡೆಯವರಲ್ಲಿ ಕೆಲವರಿಗೆ ಬರೀ ರೇಡಿಯೇಶನ್, ಕೆಲವರಿಗೆ ಮೊದಲು ಕೀಮೋ ಆಮೇಲೆ ರೇಡಿಯೇಶನ್. 2006ರಲ್ಲಿ ವರದಿ ಬಂದಾಗ, ಎಷ್ಟು ಕಾಲ ಬದುಕಿದರು ಎಂಬುದರಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಅವರು ಕಾದರು. 2013ರ ಹೊತ್ತಿಗೆ ಚಿತ್ರ ಬೇರೆಯಾಗಿತ್ತು: 1ನೇ ಮತ್ತು 19ನೇ ಕ್ರೋಮೊಸೋಮ್‌ಗಳ ಒಂದೊಂದು ತೋಳು ಕಳೆದುಹೋಗಿದ್ದ ಗಡ್ಡೆಗಳಲ್ಲಿ ಬರೀ ರೇಡಿಯೇಶನ್ ಪಡೆದವರ ಮೀಡಿಯನ್ 7.3 ವರ್ಷ, ಕೀಮೋ ಕೂಡ ಪಡೆದವರದ್ದು 14.7 ವರ್ಷ. ತೋಳು ಕಳೆದುಕೊಳ್ಳದ ಗಡ್ಡೆಗಳಲ್ಲಿ 2.7 ಮತ್ತು 2.6, ಅಂದರೆ ಏನೂ ಇಲ್ಲ. ಇಲ್ಲೂ ನಾಲ್ಕು ಅಂಕಿ. ಒಂದನ್ನು ಮುಚ್ಚಿಟ್ಟರೂ ಮಾತು ಕೆಡುತ್ತದೆ. ನೀವು ಇದನ್ನು ‘ಕೆಲವು ಕ್ರೋಮೊಸೋಮ್ ಬದಲಾವಣೆಗಳೂ ಒಳ್ಳೆಯವು’ ಎಂದು ಒಂದು ಸಾಲಿನಲ್ಲಿ ಮುಗಿಸಿದ್ದೀರಿ!

ಇನ್ನೊಂದೇ ವಾಕ್ಯ, ಆಮೇಲೆ ಬಿಡುತ್ತೇನೆ. ‘ಗ್ಲಿಯೋಬ್ಲಾಸ್ಟೋಮ ರೋಗಿಯ ಆಯುಷ್ಯ 14.6 ತಿಂಗಳು.’ ಇದನ್ನು ಯಾರು ಓದುತ್ತಾರೆಂದು ಯೋಚಿಸಿದಿರಾ? ನಿಮ್ಹಾನ್ಸ್‌ನಲ್ಲೋ ಕಿದ್ವಾಯಿಯಲ್ಲೋ ‘ಐಡಿಎಚ್1 ನೆಗೆಟಿವ್’ (ಆ ಮ್ಯುಟೇಶನ್ ಕಂಡಿಲ್ಲ) ಎಂಬ ಬಯಾಪ್ಸಿ ರಿಪೋರ್ಟ್ ಹಿಡಿದು ಬೆಂಚಿನ ಮೇಲೆ ಕೂತ ಮಗ ಅಥವಾ ಸೊಸೆ, ಡಾಕ್ಟರು ಕರೆಯುವವರೆಗೆ ಮೊಬೈಲಿನಲ್ಲಿ ಕನ್ನಡದಲ್ಲಿ ಏನಾದರೂ ಸಿಗುತ್ತದೆಯೇ ಎಂದು ಹುಡುಕುತ್ತಾ. ನಿಮ್ಮ ವಾಕ್ಯ ಓದಿ ಅವರು ಬೆರಳು ಮಡಿಚಿ ತಿಂಗಳು ಎಣಿಸುತ್ತಾರೆ. 14.6 ಎಂಬುದು ಸ್ಟುಪ್ ಅವರ ಆ ಪ್ರಯೋಗದಲ್ಲಿ ಮಾತ್ರೆಯೂ ಸಿಕ್ಕವರ ಮೀಡಿಯನ್. ಅರ್ಧ ಜನ ಅದಕ್ಕಿಂತ ಮೊದಲೇ ಹೋದರು, ಅರ್ಧ ಜನ ಅದನ್ನು ದಾಟಿದರು. ಅದೇ ಪ್ರಯೋಗದಲ್ಲಿ ಮಾತ್ರೆ, ರೇಡಿಯೇಶನ್ ಎರಡೂ ಪಡೆದವರ ಪೈಕಿ ಎರಡು ವರ್ಷದ ನಂತರ ಬದುಕಿದ್ದವರು ಶೇ 26.5, ಬರೀ ರೇಡಿಯೇಶನ್ ಪಡೆದವರಲ್ಲಿ ಶೇ 10.4. ಐದು ವರ್ಷ ಕಳೆದಾಗ ಆ ಲೆಕ್ಕ ಶೇ 9.8 ಮತ್ತು 1.9. ರೋಗ ಕ್ರೂರವಾದದ್ದೇ, ಅದನ್ನು ಮರೆಮಾಚಿ ಎಂದು ನಾನು ಹೇಳುತ್ತಿಲ್ಲ. ಅಂಕಿಯನ್ನು ಪೂರ್ತಿಯಾಗಿ ಕೊಡಿ ಎನ್ನುತ್ತಿದ್ದೇನೆ.

ಲೇಖನದ ಉಳಿದ ಭಾಗದ ಬಗ್ಗೆ ಈಗ ಏನೂ ಹೇಳುವುದಿಲ್ಲ. ಆದರೆ ಮಕ್ಕಳ ಮೆದುಳಿನಲ್ಲಿ ಏಳುವ ಮೆಡುಲ್ಲೊಬ್ಲಾಸ್ಟೋಮ ಎಂಬ ಗಡ್ಡೆಯ ಪ್ರಸ್ತಾಪ ಮಾಡಿ ಎರಡೇ ಸಾಲಿಗೆ ಬಿಟ್ಟದ್ದೇಕೆ? ಹುಟ್ಟಿನಿಂದಲೇ ಜೀನಿನಲ್ಲಿ ದೋಷವಿದ್ದು ಈ ಗಡ್ಡೆಗೂ ದಾರಿ ಮಾಡುವ ಗೋರ್ಲಿನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ರೇಡಿಯೇಶನ್ ಬಿದ್ದ ಜಾಗದಲ್ಲೇ ಮುಂದೆ ಚರ್ಮದ ಕ್ಯಾನ್ಸರ್‌ಗಳು ಏಳುತ್ತವೆ, ಅದಕ್ಕೇ ವೈದ್ಯರು ಅವರಿಗೆ ರೇಡಿಯೇಶನ್ ಕೊಡದೆ ದಾಟಿಸಲು ನೋಡುತ್ತಾರೆ. ಹುಟ್ಟಿನಿಂದ ಬಂದ ಜೀನಿಗೂ ರೇಡಿಯೇಶನ್‌ಗೂ ನೇರ ಸಂಬಂಧ ಇರುವುದು ಇಲ್ಲಿ. ಅದನ್ನು ಈ ಲೇಖನಕ್ಕೆ ತುರುಕಬೇಡಿ, ಬೇರೆಯದಾಗಿ ಬರೆದುಕೊಡಿ.

ಸದ್ಯಕ್ಕೆ ಎರಡನೇ ಮತ್ತು ಮೂರನೇ ಪುಟಗಳನ್ನು ಮತ್ತೆ ಬರೆದು ಕಳಿಸಿ. ಎಂಜಿಎಂಟಿಯ ನಾಲ್ಕು ಅಂಕಿಗಳನ್ನು ಒಂದು ಸಣ್ಣ ಕೋಷ್ಟಕ ಮಾಡಿ, ಅದನ್ನು ಪುಟದ ನಡುವೆ ಹಾಕುತ್ತೇವೆ. ಡಿಎನ್‌ಎ ಸುರುಳಿಯ ಚಿತ್ರ ಕಳಿಸಬೇಡಿ, ನಮ್ಮಲ್ಲಿ ಬೇಕಾದಷ್ಟು ಬಿದ್ದಿವೆ. 900 ಪದ ಮೀರದಿರಲಿ.

— ಸಂಪಾದಕ